ಮುಂದಿನ ಭಾನುವಾರದ ಕಂತು

ತನುಜಾ ತೀರಿಕೊಂಡದ್ದು ಒಂದು ಗುರುವಾರ. ಆ ವಾರದ ಭಾನುವಾರ ‘ದೂರಯಾನ’ ಎಂದಿನಂತೆ ಬಂದಿದ್ದರೆ ನನ್ನ ತಂಗಿ ಅದನ್ನು ನೋಡಿ ಅಂದೇ ಹೊರಟುಹೋಗುತ್ತಿದ್ದಳು. ಆದರೆ ಆ ಭಾನುವಾರ ಧಾರಾವಾಹಿಯ ಹೊತ್ತಿಗೆ ಟೀವಿಯಲ್ಲಿ ಯಾರೋ ಹೆಂಗಸು ಹಾಗಲಕಾಯಿ ಗೊಜ್ಜು ಮಾಡುವುದನ್ನು ತೋರಿಸಿದಳು. ಅದರ ಮುಂದಿನ ಭಾನುವಾರವೂ ಅವಳೇ ಬಂದಳು, ಈ ಸಲ ಕೋಸಂಬರಿ. ‘ದೂರಯಾನ’ವನ್ನು ನಿಲ್ಲಿಸಿಬಿಟ್ಟಿದ್ದರು. ಯಾಕೆ ಎಂದು ಯಾರೂ ಹೇಳಲಿಲ್ಲ.

ನಮ್ಮ ಊರಿನಲ್ಲಿ ಏನನ್ನಾದರೂ ಕಾಯುತ್ತ ಸತ್ತವರು ಅದು ಬರುವ ತನಕ ಮನೆಯಲ್ಲೇ ಉಳಿಯುತ್ತಾರೆ. ಉಣ್ಣುವುದಿಲ್ಲ, ಮುಟ್ಟಲು ಸಿಗುವುದಿಲ್ಲ, ಬೆಳೆಯುವುದೂ ಇಲ್ಲ. ಸತ್ತ ದಿನದ ಬಟ್ಟೆಯಲ್ಲಿ ತಮ್ಮ ಜಾಗದಲ್ಲಿ ಕೂತಿರುತ್ತಾರೆ. ಮಾತಾಡುತ್ತಾರೆ, ಆದರೆ ಯಾವುದನ್ನು ಕಾಯುತ್ತಿದ್ದಾರೋ ಅದರ ಮಾತು ಮಾತ್ರ. ಬೇರೆ ಏನು ಹೇಳಿದರೂ ಅವರ ಕಿವಿಗೆ ಬೀಳುವುದಿಲ್ಲ. ಕಾದದ್ದು ಬಂದ ದಿನ ಎದ್ದು, ಹೊಸಿಲು ದಾಟಿ, ಕೆರೆ ಏರಿಯ ಮೇಲೆ ನಡೆದು ಹೋಗಿಬಿಡುತ್ತಾರೆ. ಮತ್ತೆ ಬರುವುದಿಲ್ಲ. ಅಂದು ಮನೆಯವರು ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಅಳುತ್ತಲೇ ಹಂಚುತ್ತಾರೆ.

ಇದಕ್ಕೆ ನಾವು ಒಗ್ಗಿಕೊಂಡವರು. ನಮ್ಮೂರಿನ ಮನೆಗಳಲ್ಲಿ ಒಂದು ತೋಳಿನ ಸ್ವೆಟರುಗಳು, ಗಿಲಾವು ಕಾಣದ ಗೋಡೆಗಳು ಜಾಸ್ತಿ. ಪಕ್ಕದ ಮನೆಯ ಗೋದಾವರಮ್ಮನವರ ಯಜಮಾನರು ತಾವು ಹಿತ್ತಿಲಲ್ಲಿ ನೆಟ್ಟ ಪನ್ನೇರಳೆ ಗಿಡ ಹಣ್ಣು ಬಿಡುವುದನ್ನು ಕಾಯುತ್ತ ಸತ್ತವರು. ಗಿಡ ಈಗ ಮರವಾಗಿದೆ. ಪ್ರತಿ ವರ್ಷ ಮೊಗ್ಗಿನ ಕಾಲಕ್ಕೆ ಗೋದಾವರಮ್ಮ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ ಮೊಗ್ಗುಗಳನ್ನೆಲ್ಲ ಚಿವುಟಿ ಹಾಕುತ್ತಾರೆ. ಯಜಮಾನರು ಕಟ್ಟೆಯ ಮೇಲೆ ಕೂತು, “ಈ ಸಲ ಬಿಡಬೋದು ಅಲ್ವೇನೇ?” ಎನ್ನುತ್ತಾರೆ. “ಮುಂದಿನ ಸಲ ಬಿಡುತ್ತೆ ಬಿಡಿ” ಎಂದು ಇವರು ಕೊಂಬೆಗಳ ನಡುವಿನಿಂದಲೇ ಹೇಳುತ್ತಾರೆ.

ನಮ್ಮ ಅಪ್ಪ ತೀರಿಕೊಂಡಾಗ ಅಮ್ಮ ಸಂಜೆಯ ತನಕ ಅವರ ಕುರ್ಚಿಯ ಪಕ್ಕ ಕೂತಿದ್ದಳು. ಕುರ್ಚಿ ಖಾಲಿಯೇ ಇತ್ತು. ಯಾವುದರ ಮೇಲೂ ಆಸೆ ಇಟ್ಟುಕೊಳ್ಳದ ದೊಡ್ಡ ಮನುಷ್ಯ ಎಂದು ಬಂದವರೆಲ್ಲ ಹೊಗಳಿದರು. ಅಮ್ಮನಿಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ಹಾಗಾಗಿ ಆ ಗುರುವಾರ, ಮೆದುಳು ಜ್ವರದಲ್ಲಿ ಹೋದ ಮಗಳು, ನಾವು ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ನೀಲಿ ಫ್ರಾಕಿನಲ್ಲಿ ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದನ್ನು ಕಂಡು ಅಮ್ಮ ಅಳು ನಿಲ್ಲಿಸಿದಳು. “ಅಕ್ಕಾ, ಕ್ಯಾಪ್ಟನ್ ಬಾಗಿಲು ತೆಗೀತಾಳಾ?” ಎಂದು ತನು ಕೇಳಿದಳು.

‘ದೂರಯಾನ’ದ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ‘ಮರಾಳ’ ಎಂಬ ನೌಕೆಯಲ್ಲಿ ಒಂದಷ್ಟು ಜನ ಬದುಕಲು ಯೋಗ್ಯವಾದ ಇನ್ನೊಂದು ಲೋಕವನ್ನು ಹುಡುಕಿಕೊಂಡು ಹೊರಟಿರುತ್ತಾರೆ. ಕ್ಯಾಪ್ಟನ್ ಮಂದಾಕಿನಿ, ನಡುವಯಸ್ಸಿನ ಹೆಂಗಸು, ಯಾವಾಗಲೂ ನಿದ್ದೆಗೆಟ್ಟ ಮುಖ. ಯಂತ್ರಗಳನ್ನು ನೋಡಿಕೊಳ್ಳುವ ನೀಲಾ ಎಂಬ ಹುಡುಗಿ. ನೀರು ಕಾಯಿಸುವ ಹಂಡೆಯ ಹಾಗಿದ್ದ, ಮಾತಾಡುವಾಗ ತೊದಲುವ ‘ಗುಂಡು’ ಎಂಬ ಯಂತ್ರ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ನೌಕೆಯ ಗೋಡೆಯೇ ಅಲ್ಲಾಡುತ್ತಿತ್ತು. ಗುಂಡಿಗಳೆಲ್ಲ ಸೋಡಾ ಬಾಟಲಿಯ ಮುಚ್ಚಳ ಎಂದು ನಾನು ಒಮ್ಮೆ ಕಂಡುಹಿಡಿದು ಹೇಳಿದಾಗ ತನು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ನಾನು ಕಾಲೇಜಿಗೆ ಹೋಗುತ್ತಿದ್ದೆ, ಅವಳು ಏಳನೇ ಕ್ಲಾಸು. ಆದರೂ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಒಂದೇ ವಯಸ್ಸಿನವರು. ನಾವು ನೋಡಿದ ಕೊನೆಯ ಕಂತಿನಲ್ಲಿ ನೀಲಾ ಗಾಳಿ ಸೋರಿಹೋಗುತ್ತಿದ್ದ ಕೋಣೆಯೊಳಗೆ ಸಿಕ್ಕಿಬಿದ್ದಿರುತ್ತಾಳೆ. ಬಾಗಿಲು ತೆಗೆದರೆ ನೌಕೆಯಲ್ಲಿರುವ ಎಲ್ಲರ ಜೀವಕ್ಕೂ ಅಪಾಯ. ಗಾಜಿನ ಈಚೆ ಕ್ಯಾಪ್ಟನ್ ಹಿಡಿಯ ಮೇಲೆ ಕೈ ಇಡುತ್ತಾಳೆ. ‘ಮುಂದಿನ ವಾರ’ ಎಂದು ಅಕ್ಷರ ಬಂದವು.

ಆ ಮುಂದಿನ ವಾರ ಬರಲಿಲ್ಲ ಎಂದು ಮೊದಮೊದಲು ಶಾಪ ಹಾಕುತ್ತಿದ್ದ ಅಮ್ಮ ನಿಧಾನಕ್ಕೆ, ಬರದೇ ಇರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚತೊಡಗಿದಳು. ಬೀದಿಯವರೂ ನಮ್ಮನ್ನು ಅದೃಷ್ಟವಂತರು ಎಂದರು. ಮೊಗ್ಗು ಚಿವುಟುವ ಕಷ್ಟವೂ ಇಲ್ಲ, ನಿಂತುಹೋದ ಧಾರಾವಾಹಿ ಎಲ್ಲಿಂದ ಬರಬೇಕು?

ಅಮ್ಮನಿಗೆ ಆಕಾಶ, ನೌಕೆ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಮಗಳ ದನಿ ಕೇಳಬೇಕಾದರೆ ಅದೊಂದೇ ದಾರಿ. ಅಡಿಗೆ ಮಾಡುತ್ತಲೇ ಪ್ರಶ್ನೆ ಯೋಚಿಸಿಕೊಂಡು ಬಂದು ತನುವಿನ ಮುಂದೆ ಕೂರುತ್ತಿದ್ದಳು. “ತನೂ, ಆ ಗುಂಡೂಗೆ ಹೊಟ್ಟೆಗೆ ಏನು ಹಾಕ್ತಾರೆ?”

“ಅಮ್ಮಾ! ಅದು ಯಂತ್ರ. ಊಟ ಮಾಡಲ್ಲ.”

“ಹಂಗಂತ ಹಾಗೇ ಬಿಟ್ಬಿಡ್ತಾರಾ? ಪಾಪ, ತೊದಲುತ್ತೆ ಬೇರೆ.”

ತನು ಬಿದ್ದು ಬಿದ್ದು ನಗುತ್ತಿದ್ದಳು. ಮರುದಿನ ಅಮ್ಮ ಅದನ್ನೇ ಮತ್ತೆ ಕೇಳುತ್ತಿದ್ದಳು.

ನಾನು ಇನ್ನೊಂದು ದಾರಿ ಕಂಡುಕೊಂಡೆ. ನಮ್ಮ ಮನೆಯ ಸುದ್ದಿಯನ್ನೆಲ್ಲ ಮರಾಳದ ಸುದ್ದಿ ಮಾಡಿ ಹೇಳುತ್ತಿದ್ದೆ. ನನಗೆ ಊರಿನ ಕರೆಂಟ್ ಆಫೀಸಿನಲ್ಲಿ ಬಿಲ್ ಕೌಂಟರಿನ ಕೆಲಸ ಸಿಕ್ಕಿದಾಗ, ಮರಾಳಕ್ಕೆ ಹೊಸದಾಗಿ ಒಬ್ಬಳು ಎಲೆಕ್ಟ್ರಿಷಿಯನ್ ಸೇರಿದ್ದಾಳೆ ಎಂದೆ. “ಕೆಳಗಿನ ಅಂತಸ್ತಿಗೆ ಹಾಕ್ಲಿ ಅಕ್ಕ, ಅಲ್ಲಿ ಯಾವಾಗ್ಲೂ ದೀಪ ಹೋಗುತ್ತೆ” ಎಂದಳು. ನನಗೆ ಗಂಡು ಗೊತ್ತಾಗಿ, ಅವರು ದೂರದ ಊರಿಗೆ ಬರಬೇಕೆಂದಾಗ ಅದನ್ನೂ ಕೇಳಿದೆ. “ತನೂ, ಮರಾಳದಿಂದ ಒಬ್ಬಳನ್ನ ಬೇರೆ ನೌಕೆಗೆ ಕರೀತಿದಾರೆ. ಹೋಗ್ಬೋದಾ?”

“ನೀಲಾ ಇನ್ನೂ ಒಳಗೇ ಇದ್ದಾಳಲ್ಲ ಅಕ್ಕ. ಹೇಗೆ ಹೋಗ್ತಾರೆ?”

ನಾನು ಆ ಸಂಬಂಧ ಬೇಡವೆಂದೆ. ಆಮೇಲೆ ಬಂದ ಸಂಬಂಧಗಳಿಗೆ ಅವಳನ್ನು ಕೇಳಲೂ ಹೋಗಲಿಲ್ಲ. ವರ್ಷಗಳು ಹೋದವು. ಅವಳ ಜೊತೆ ಓದಿದ ಹುಡುಗಿಯರು ಮಕ್ಕಳನ್ನು ಸ್ಕೂಲಿಗೆ ಬಿಡಲು ನಮ್ಮ ಮನೆಯ ಮುಂದೆಯೇ ಓಡಾಡತೊಡಗಿದರು. ನನ್ನ ತಲೆಯಲ್ಲಿ ನರೆ ಬಂತು. ನಾನು ಕ್ಯಾಪ್ಟನ್ ಮಂದಾಕಿನಿಯ ವಯಸ್ಸಿನವಳಾದೆ.

‘ದೂರಯಾನ’ ಮತ್ತೆ ಬರುತ್ತದೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಆಫೀಸಿನಲ್ಲಿ. ಜೊತೆಯ ಕೆಲಸದವಳು ಫೋನು ನೋಡುತ್ತಿದ್ದವಳು ತಟ್ಟನೆ ಅದನ್ನು ಬೋರಲು ಹಾಕಿದಳು. “ಏನೇ ಅದು?” ಎಂದೆ. ಅವಳು ತೋರಿಸಲೇಬೇಕಾಯಿತು. ಕಪ್ಪು ಆಕಾಶ, ಹೊಳೆಯುವ ನೌಕೆ, ಕೆಳಗೆ ದೊಡ್ಡ ಅಕ್ಷರದಲ್ಲಿ: ನಿಮ್ಮ ಮೆಚ್ಚಿನ ದೂರಯಾನ, ಮತ್ತೆ, ಪ್ರತಿ ಭಾನುವಾರ. ಕೌಂಟರಿನ ಮುಂದೆ ನಿಂತಿದ್ದವರು ಬಿಲ್ಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಊರಿಗೆಲ್ಲ ನಮ್ಮ ಮನೆಯ ಕಥೆ ಗೊತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಖುಷಿ. ಬಾಗಿಲು ತೆಗೆದಳೋ ಇಲ್ಲವೋ ಗೊತ್ತಾಗುತ್ತದೆ ಎಂದುಕೊಂಡೆ. ಗೊತ್ತಾದ ದಿನ ತನು ಎದ್ದು ಹೋಗುತ್ತಾಳೆ ಎಂಬುದು ಅದಾದ ಮೇಲೆ ನೆನಪಾಯಿತು. ನಾನು ಕೇಳುವ ಮೊದಲೇ ಸಾಹೇಬರು, “ಮನೆಗೆ ಹೋಗಮ್ಮ” ಎಂದರು.

ಅಮ್ಮನಿಗೆ ಹಿತ್ತಿಲಿನಲ್ಲಿ, ತನುವಿಗೆ ಕೇಳದಂತೆ ಹೇಳಿದೆ. ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. “ನಿನ್ನ ಆಫೀಸಿನವ್ರಿಗೆ ಹೇಳಿ ಆ ಹೊತ್ತಿಗೆ ಕರೆಂಟ್ ತೆಗೆಸೋಕಾಗಲ್ವಾ ವಿನೂ?”

“ಪ್ರತಿ ಭಾನುವಾರಾನಾ?”

“ಪ್ರತಿ ಭಾನುವಾರ. ಏನೀಗ?”

ಬೇಲಿಯ ಆಚೆಯಿಂದ ಗೋದಾವರಮ್ಮ, “ಟೀವೀನೇ ಕೊಟ್ಬಿಡು ಯಾರಿಗಾದ್ರೂ. ನಾನಾಗಿದ್ರೆ ಇಷ್ಟೊತ್ತಿಗೆ ಎತ್ತಿ ಬಾವಿಗೆ ಹಾಕಿರ್ತಿದ್ದೆ” ಎಂದರು.

ಲೈನ್‌ಮನ್‌ಗೆ ಹೇಳಿದ್ದರೆ ಖಂಡಿತ ಮಾಡುತ್ತಿದ್ದ. ಊರಿನವರು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಾನು ಹೇಳಲಿಲ್ಲ. ತನುವಿನ ಒಳ್ಳೆಯದಕ್ಕೆ ಎಂದು ಅಮ್ಮನ ಹತ್ತಿರ ವಾದ ಮಾಡಿದೆ. ಅವಳು ಇಷ್ಟು ವರ್ಷ ಕಾದಿದ್ದಾಳೆ, ಅವಳಿಗೆ ಬೇಕಾದ್ದನ್ನು ತಡೆಯಲು ನಾವು ಯಾರು ಎಂದೆ. ಅದು ಅರ್ಧ ನಿಜ. ನನಗೂ ಬೇಕಾಗಿತ್ತು.

ಅಷ್ಟರಲ್ಲಿ ಬೀದಿಯ ಮಕ್ಕಳು ಫೋನಿನಲ್ಲಿ ಧಾರಾವಾಹಿಯ ಹಾಡಿನ ರಾಗ ಹಾಕಿಕೊಂಡು ಮನೆಯ ಮುಂದೆ ಹಾದುಹೋದರು. ನಡುಮನೆಯಿಂದ ತನು ಕೂಗಿದಳು. “ಅಕ್ಕಾ! ಅದು ನಮ್ದು ಅಲ್ವಾ? ಬಂತಾ?”

ನಾನು ಒಳಗೆ ಹೋಗಿ ಅವಳ ಮುಂದೆ ಕೂತೆ. “ಭಾನುವಾರ ಬರುತ್ತೆ ತನೂ” ಎಂದೆ.

ಅವಳು ಕೈ ಎರಡನ್ನೂ ಬಾಯಿಯ ಮೇಲೆ ಇಟ್ಟುಕೊಂಡಳು. ಆ ಮುಖ ನೋಡಿದ ಅಮ್ಮ ಮತ್ತೆ ಕರೆಂಟಿನ ಮಾತು ಎತ್ತಲಿಲ್ಲ.

ಹೊರಡುವವರಿರುವ ಮನೆಗೆ ಬೀದಿಯವರು ಬಂದು ಹೋಗುವುದು ನಮ್ಮಲ್ಲಿ ಪದ್ಧತಿ. ಆ ವಾರವೆಲ್ಲ ಬಂದರು. ತನುವಿನ ಜೊತೆ ಓದಿದವರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ದೂರದಲ್ಲಿ ನಿಂತು ನೋಡಿ, ಕಣ್ಣೊರೆಸಿಕೊಂಡು ಹೋದರು. ಅವಳು ಯಾರನ್ನೂ ಗಮನಿಸಲಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ಬೇಗ ಎದ್ದು ಹೆಸರುಬೇಳೆ ಪಾಯಸ ಮಾಡಿ, ಅವಳು ಉಣ್ಣುವುದಿಲ್ಲವೆಂದು ಗೊತ್ತಿದ್ದೂ ಬಟ್ಟಲಲ್ಲಿ ಹಾಕಿ ಪಕ್ಕದಲ್ಲಿಟ್ಟಳು. ಆಮೇಲೆ ಅವಳ ಹತ್ತಿರ ಕೂತು, ತಡವರಿಸಿ, “ತನೂ, ಕ್ಯಾಪ್ಟನ್ ಸಿಕ್ಕಿದ್ರೆ ಹೇಳು. ಹುಷಾರಾಗಿ ಹೋಗ್ಬೇಕು. ದಾರೀಲಿ ಯಾರ ಹತ್ರಾನೂ ಜಗಳ ಆಡ್ಬಾರ್ದು. ಅವಳ ಅಮ್ಮಂಗೆ ಅವಳಂದ್ರೆ ತುಂಬ ಇಷ್ಟ ಅಂತೆ ಅಂತ ಹೇಳು” ಎಂದಳು.

“ಅಮ್ಮಾ, ಬಾಹ್ಯಾಕಾಶದಲ್ಲಿ ದಾರಿ ಇರಲ್ಲ” ಎಂದು ತನು ನಕ್ಕಳು.

ಹಾಡು ಬಂತು. ರಾಗ ಅದೇ, ಆದರೆ ಕೆಳಗೆ ಢಮಢಮ ಎಂದು ಬೇರೇನೋ ಬಡಿಯುತ್ತಿತ್ತು. ನೌಕೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕ್ಯಾಪ್ಟನ್ ಈಗ ಒಪ್ಪವಾಗಿ ಗಡ್ಡ ಬಿಟ್ಟ ಯುವಕ. ನೀಲಾ ಎಂಬ ಹೆಸರಿನವಳು ಬಂದಳು, ಮೈಗಂಟಿದ ಬೆಳ್ಳಿ ಬಣ್ಣದ ಉಡುಪಿನಲ್ಲಿ, ಕ್ಯಾಪ್ಟನ್ ಕಣ್ಣು ಹೊಡೆದಾಗ ನಾಚಿಕೊಂಡಳು. ಗುಂಡು ಸರಾಗವಾಗಿ ಮಾತಾಡಿತು, ಬ್ರೇಕಿನಲ್ಲಿ ಹಲ್ಲುಪುಡಿ ಮಾರಿತು. ಎಲ್ಲರೂ ಭೂಮಿಯ ಮೇಲೇ ಇದ್ದರು, ಇನ್ನೂ ಹೊರಟಿರಲಿಲ್ಲ. ಬಾಗಿಲಿನ ಸುದ್ದಿಯೇ ಇಲ್ಲ. ‘ಮುಂದಿನ ವಾರ’ ಎಂದು ಅಕ್ಷರ ಬಂದವು.

ಜಗುಲಿಯಲ್ಲಿ ಕೂತಿದ್ದ ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನು ಕೂತೇ ಇದ್ದಳು.

“ಇದು ಮೊದಲು ನಡೆದಿದ್ದಿರ್ಬೇಕು ಅಕ್ಕ. ಇದನ್ನೆಲ್ಲ ತೋರಿಸಿ ಆಮೇಲೆ ಬಾಗಿಲಿಗೆ ಬರ್ತಾರೆ” ಎಂದಳು.

“ಹೂಂ, ಹಾಗೇ ಇರ್ಬೇಕು” ಎಂದೆ.

ಅಮ್ಮನಿಗೆ ಕುಣಿಯುವಷ್ಟು ಸಂತೋಷ. ತನುವಿನ ಪಕ್ಕದ ಪಾಯಸವನ್ನು ತಾನೇ ತಿಂದಳು, ನನಗೂ ತಿನ್ನಿಸಿದಳು. “ಎಷ್ಟು ಚೆನ್ನಾಗಿದೆ ಕಣೇ ಹೊಸಾದು! ಎಳೀಲಿ, ಹೀಗೇ ಎಳೀಲಿ” ಎಂದಳು.

ಎಳೆದರು. ಪ್ರತಿ ಭಾನುವಾರ ನಾವು ಕೂತೆವು. ಒಂದೊಂದು ಕಂತು ಮುಗಿದಾಗಲೂ ತನು ಒಂದು ಸಮಾಧಾನ ಹುಡುಕುತ್ತಿದ್ದಳು. ಈ ಕ್ಯಾಪ್ಟನ್ ಮಂದಾಕಿನಿಯ ತಮ್ಮನಿರಬೇಕು. ಈ ನೀಲಾ ಬೇರೆ ನೀಲಾ ಇರಬೇಕು. ಅವಳ ಸಮಾಧಾನಗಳಿಗೆಲ್ಲ ಹೂಂಗುಟ್ಟುವಾಗ ನನ್ನೊಳಗೆ ಸಿಟ್ಟು ಹೆಪ್ಪುಗಟ್ಟುತ್ತಿತ್ತು. ಅಲ್ಲಾಡುವ ಗೋಡೆಯನ್ನೂ ಸೋಡಾ ಮುಚ್ಚಳಗಳನ್ನೂ ಅವರು ತೆಗೆದರೆ ನನಗೇನೂ ಬೇಜಾರಿರಲಿಲ್ಲ. ಆದರೆ ಆ ಹೆಂಗಸಿನ ನಿದ್ದೆಗೆಟ್ಟ ಮುಖವನ್ನು ಯಾಕೆ ತೆಗೆದರು? ಹೊಸಬರಿಗೆ ಯಾರಿಗೂ ಯಾವುದರ ಚಿಂತೆಯೂ ಇರಲಿಲ್ಲ. ಅವರು ಆಕಾಶಕ್ಕೆ ಹೊರಟದ್ದು ಪಿಕ್‌ನಿಕ್ಕಿಗೆ ಹೊರಟ ಹಾಗಿತ್ತು.

ಒಂದು ಭಾನುವಾರ ಕಂತು ಮುಗಿದ ಮೇಲೆ ಅದನ್ನು ಮಾಡಿದಾತನನ್ನು ಕೂರಿಸಿ ಮಾತಾಡಿಸಿದರು. ಚಿಕ್ಕ ವಯಸ್ಸಿನವನು, ನಗುಮುಖ, ಕೆಟ್ಟವನ ಹಾಗೆ ಕಾಣಲಿಲ್ಲ. ಹಳೆಯ ಕಥೆ ಅರ್ಧಕ್ಕೇ ನಿಂತಿತ್ತಲ್ಲ, ಅದು ಏನಾಗುತ್ತದೆ ಎಂದು ಕೇಳಿದರು. ನಾನು ರಿಮೋಟು ಹುಡುಕಿದೆ. ಅದು ಅಮ್ಮನ ಸೆರಗಿನ ಕೆಳಗೆ ಸೇರಿಕೊಂಡಿತ್ತು.

“ಆ ಹಳೇ ಕಥೆ ನಡೆದೇ ಇಲ್ಲ ಅಂದ್ಕೊಳ್ಳಿ. ನಾವು ಸ್ಲೇಟು ಒರೆಸಿ ಮೊದಲಿಂದ ಬರೀತಿದೀವಿ” ಎಂದ ಅವನು.

ತನು ನನ್ನ ಕಡೆ ತಿರುಗಿದಳು. “ನಡೆದೇ ಇಲ್ವಾ?”

“ಅವನಿಗೆ ಗೊತ್ತಿಲ್ಲ ಬಿಡು.”

“ಹಾಗಾದ್ರೆ ನೀಲಾ ಒಳಗೆ ಇಲ್ವಾ? ಕ್ಯಾಪ್ಟನ್ ಈಚೆ ನಿಂತಿಲ್ವಾ?”

“ಇದ್ದಾರೆ ತನೂ. ಇಬ್ಬರೂ ಅಲ್ಲೇ ಇದ್ದಾರೆ.”

“ಮತ್ತೆ ಅವರನ್ನ ಯಾರು ನೋಡ್ತಿದಾರೆ?”

ಮರುದಿನ ಆಫೀಸಿನಲ್ಲಿ ಬಿಲ್ಲುಗಳನ್ನು ತಪ್ಪು ತಪ್ಪಾಗಿ ಬರೆದೆ. ಸಂಜೆ ಬಂದು, ಬಟ್ಟೆ ಕೂಡ ಬದಲಿಸದೆ ಅವಳ ಮುಂದೆ ಕೂತು, ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದನ್ನು ಹೇಳಿದೆ. ಕ್ಯಾಪ್ಟನ್ ಬಾಗಿಲು ತೆಗೆದಳು. ಎಲ್ಲರೂ ಕಂಬಗಳನ್ನು ಹಿಡಿದುಕೊಂಡರು. ಗುಂಡು ತನ್ನ ಹೊಟ್ಟೆಯನ್ನೇ ಗೋಡೆಯ ತೂತಿಗೆ ಒತ್ತಿ ಗಾಳಿ ತಡೆಯಿತು. ನೀಲಾ ಬದುಕಿದಳು. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಅವಳು ನಂಬಿದರೆ ಎದ್ದು ಹೋಗಿಬಿಡುತ್ತಾಳೆ. ಹೋಗಲಿ, ಹೀಗೆ ಹೋಗಲಿ ಎಂದುಕೊಂಡೆ.

ತನು ಪೂರ್ತಿ ಕೇಳಿದಳು. “ನೀನು ನೋಡಿದ್ಯಾ?”

“ಹೂಂ.”

“ಗಾಜು ಒಡೀತಾ?”

“ಒಡೀಲಿಲ್ಲ.”

“ನೀಲಾ ಈಚೆ ಬಂದು ಏನಂದ್ಲು?”

ನೀಲಾ ಏನೆಂದಿರಬಹುದು ಎಂದು ನಾನು ಯೋಚಿಸಿರಲೇ ಇಲ್ಲ.

“ಸುಳ್ಳು ಅಕ್ಕ” ಎಂದಳು ತನು. ಸಿಟ್ಟಿಲ್ಲದೆ ಹೇಳಿದಳು.

ಆಮೇಲೆ ಅವಳ ಮಾತು ಕಡಿಮೆಯಾಗುತ್ತ ಹೋಯಿತು. ನಾನು ಮರಾಳದ ಸುದ್ದಿ ತಂದರೆ ಹೂಂ ಎನ್ನುತ್ತಿದ್ದಳು. ಅಮ್ಮ ಪ್ರಶ್ನೆ ಮಾಡಿಕೊಂಡು ಬಂದು ಕೂತು, ಉತ್ತರವಿಲ್ಲದೆ ಎದ್ದು ಹೋಗುತ್ತಿದ್ದಳು. “ಅವಳಿಗೆ ಮೈ ಹುಷಾರಿಲ್ವೇನೋ” ಎಂದು ಒಮ್ಮೆ ನನ್ನ ಹತ್ತಿರ ಹೇಳಿ, ಹೇಳಿದ್ದು ತನಗೇ ಕೇಳಿಸಿ ತಲೆ ತಗ್ಗಿಸಿದಳು.

ಒಂದು ಶನಿವಾರ ಮಧ್ಯಾಹ್ನ. ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ನಾನು ಬಟ್ಟೆ ಮಡಿಸುತ್ತಿದ್ದೆ. ಟೀವಿಯಲ್ಲಿ ಹಿಂದಿನ ವಾರದ ಕಂತನ್ನೇ ಮತ್ತೆ ಹಾಕಿದ್ದರು. ಗಡ್ಡದ ಕ್ಯಾಪ್ಟನ್ ಯಾವುದೋ ಗ್ರಹದ ಮರಳಿನ ಮೇಲೆ ಬೆಳ್ಳಿಯ ನೀಲಾಳನ್ನು ಎತ್ತಿಕೊಂಡು ಗಿರಗಿರನೆ ತಿರುಗುತ್ತಿದ್ದ. ತನು ನೆಲಕ್ಕೆ ಕೈ ಊರಿ ಎದ್ದು ನಿಂತಳು. ಅವಳು ಎದ್ದದ್ದನ್ನು ನಾವು ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ನಿಂತಾಗ ಅವಳು ಎಷ್ಟು ಕುಳ್ಳಗಿದ್ದಳು!

“ಆರಿಸು ಅಕ್ಕ. ಸಾಕು” ಎಂದಳು.

ಅಮ್ಮನ ಮಡಿಲಿನ ಕಾಳೆಲ್ಲ ಚೆಲ್ಲಿದವು. ತನು ಅವುಗಳ ನಡುವೆಯೇ ನಡೆದು ಹೊಸಿಲು ದಾಟಿದಳು. ನಾವು ಹಿಂದೆ ಹೋದೆವು. ನಮ್ಮೂರಿನಲ್ಲಿ ಹೊರಟವರನ್ನು ಎಷ್ಟೋ ಸಲ ನೋಡಿದ್ದೇನೆ. ಗಂಟೆ ಹೊಡೆದ ಮೇಲೆ ಸ್ಕೂಲಿಂದ ಓಡುವ ಮಕ್ಕಳ ಹಾಗೆ ಹೋಗುತ್ತಾರೆ, ಮುದುಕರೂ ಕೂಡ. ತನು ಹಾಗೆ ಹೋಗಲಿಲ್ಲ. ದೂರದಿಂದ ನಡೆದುಬಂದು, ಅಂಗಡಿ ಮುಚ್ಚಿದೆ ಎಂದು ತಿಳಿದು ಹಿಂದಿರುಗುವವರ ಹಾಗೆ ಹೋದಳು. ಏರಿಯ ಮೇಲೆ ಅಮ್ಮ ಓಡತೊಡಗಿದಳು. “ತನೂ! ತನುಜಾ!” ಎಂದು ಕೂಗಿದಳು. ಆ ಕೂಗು ಅವಳಿಗೆ ಕೇಳುವುದಿಲ್ಲ ಎಂದು ನೆನಪಾಗಿರಬೇಕು. ನಿಂತು, ಉಸಿರು ಎಳೆದುಕೊಂಡು, ಅವಳಿಗೆ ಕೇಳಬಹುದಾದ ಮಾತನ್ನು ಕೂಗಿದಳು.

“ಗುಂಡೂಗೆ ಊಟ ಹಾಕ್ಲೇನೇ?”

ತನು ತಿರುಗಲಿಲ್ಲ. ಏರಿಯ ಕೊನೆಯಲ್ಲಿ ಬಿಸಿಲು ಮಾತ್ರ ಉಳಿಯಿತು.

ಸಕ್ಕರೆ ಹಂಚಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕಾದದ್ದು ಬರದೆ ಹೊರಟವರು ನಮ್ಮೂರಿನಲ್ಲಿ ಇರಲಿಲ್ಲ. ಬಂದವರು ಬಾಗಿಲಲ್ಲೇ ನಿಂತು ಹೋದರು. ಗೋದಾವರಮ್ಮ ಮಾತ್ರ ಒಳಗೆ ಬಂದು ನನ್ನ ಕೈ ಹಿಡಿದುಕೊಂಡು, “ಹಾಗೂ ಹೋಗ್ತಾರಾ ವಿನೂ? ಬೇಜಾರಾಗಿ?” ಎಂದು ಕೇಳಿದರು. ಆ ವರ್ಷ ಅವರು ಏಣಿ ಹತ್ತಿ, ಕೈಗೆ ಎಟುಕುವ ಮೊಗ್ಗುಗಳನ್ನೂ ಹಾಗೇ ಬಿಟ್ಟು, ಎಷ್ಟೋ ಹೊತ್ತು ಕೊಂಬೆ ಹಿಡಿದು ನಿಂತಿದ್ದನ್ನು ನೋಡಿದೆ.

ಅಮ್ಮನೂ ನಾನೂ ಇಷ್ಟು ವರ್ಷ ತನುವಿನ ಮೂಲಕವೇ ಮಾತಾಡಿದವರು, ಅವಳು ಹೋದ ಮೇಲೆ ಉಪ್ಪು ಹುಳಿಯ ಮಾತು ಬಿಟ್ಟು ಬೇರೇನೂ ನಮ್ಮ ನಡುವೆ ಉಳಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು. “ತನೂಗೆ ಬೇರೆ ಏನು ಇಷ್ಟ ಇತ್ತೇ?”

“ಬೇರೆ ಅಂದ್ರೆ?”

“ಆ ಧಾರಾವಾಹಿ ಬಿಟ್ಟು.”

ನಾನು ಯೋಚಿಸಿದೆ. ಹನ್ನೆರಡು ವರ್ಷ ಬದುಕಿದ್ದ ಹುಡುಗಿ, ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು. ಅವಳಿಗೆ ಜಡೆ ಹಾಕುತ್ತಿದ್ದೆ. ಹಾಕುವಾಗ ಏನು ಮಾತಾಡುತ್ತಿದ್ದಳು? ನೆನಪಿಗೆ ಬಂದದ್ದೆಲ್ಲ ಮರಾಳ, ನೀಲಾ, ಬಾಗಿಲು. ಅವಳು ಹೆದರುತ್ತಿದ್ದದ್ದು ಯಾವುದಕ್ಕೆ, ಯಾವ ಗೆಳತಿಯ ಜೊತೆ ಟೂ ಬಿಟ್ಟಿದ್ದಳು, ಯಾವ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು, ಒಂದೂ ಬರಲಿಲ್ಲ. ಅವಳನ್ನು ಅಷ್ಟು ವರ್ಷ ಇಟ್ಟುಕೊಂಡದ್ದೇ ಅವಳನ್ನು ಅಳಿಸಿಹಾಕಿತ್ತು.

“ಚಪ್ಪಲಿ ಅದಲುಬದಲು ಹಾಕ್ಕೋತಿದ್ಲು” ಎಂದಳು ಅಮ್ಮ.

“ಅದು ನಾನಮ್ಮ.”

“ನೀನಾ?” ಅಮ್ಮ ತಟ್ಟೆ ನೋಡುತ್ತ ಕೂತಳು. ಚಟ್ನಿ ಒಣಗುತ್ತಿತ್ತು. ಬೀದಿಯಲ್ಲಿ ಯಾರದೋ ಮನೆಯಿಂದ ಹಾಡಿನ ರಾಗ ಕೇಳಿಸಿತು, ಕೆಳಗೆ ಆ ಢಮಢಮ.

“ಟೀವಿ ಹಾಕ್ಲಾ?” ಎಂದೆ.

“ಬೇಡ” ಎಂದಳು ಅಮ್ಮ. ಒಣಗಿದ ಚಟ್ನಿಯನ್ನು ಬೆರಳಿಂದ ಕೆರೆದು, ತಟ್ಟೆಯಿಂದ ಕಣ್ಣೆತ್ತದೆ, “ಹಾಕು” ಎಂದಳು.